ಮೇಲಿನ ರೂಮಿನ ಕಾವು

ಭಾನುವಾರ, ಮಾರ್ಚ್ ೯

ಪ್ರೀತಿಯ ಅತ್ತೆಗೆ ನಿಮ್ಮ ಸೊಸೆಯ ನಮಸ್ಕಾರಗಳು.

ಮೊದಲು ಬೈದುಬಿಡಿ, ಆಮೇಲೆ ಓದಿ. ನೀವು ಇಲ್ಲಿಂದ ಹೋಗಿ ಹತ್ತು ತಿಂಗಳಾಯಿತು, ನಾನು ಒಂದು ಸಾಲೂ ಬರೆದಿಲ್ಲ. ವಾರವಾರ ಫೋನು ಮಾಡುತ್ತೀವಲ್ಲ ಅಂತ ನೀವು ಅನ್ನಬಹುದು. ಆದರೆ ಫೋನಿನಲ್ಲಿ ನಾವಿಬ್ಬರೂ ಏನು ಮಾತಾಡುತ್ತೀವಿ ಹೇಳಿ? "ಊಟ ಆಯ್ತಾ?" "ಆಯ್ತು, ನಿಮ್ಮದು?" "ಆಯ್ತು. ಮಂಡಿ ನೋವು?" "ಇದೆ." "ಮಾತ್ರೆ?" "ತಗೋತಿದ್ದೀನಿ." ಅಷ್ಟಕ್ಕೆ ಸರಕು ಮುಗಿದು ಫೋನು ನಿಮ್ಮ ಮಗನ ಕೈಗೆ ಹೋಗುತ್ತದೆ. ಅವರು ಪುನಃ ಊಟದಿಂದಲೇ ಶುರು ಮಾಡುತ್ತಾರೆ. ಅದಕ್ಕೇ ಇವತ್ತು ಹಟ ಹಿಡಿದು ಕೂತಿದ್ದೀನಿ. ಕನ್ನಡಕದ ಅಂಗಡಿಗೆ ರಜ. ಬಟ್ಟೆ ನೆನೆಹಾಕಿದ್ದೀನಿ, ನೆನೆಯಲಿ.

ನಿಮ್ಮ ಮಗಳು, ಅಳಿಯಂದಿರು, ಮಕ್ಕಳು ಎಲ್ಲರೂ ಸೌಖ್ಯ ಅಂದುಕೊಂಡಿದ್ದೀನಿ. ದೊಡ್ಡವನಿಗೆ ಹಲ್ಲಿಗೆ ತಂತಿ ಹಾಕಿಸಿದರಂತೆ. ಪಾಪ, ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಾನಾ?

ನಮ್ಮ ಕಡೆಯ ಸುದ್ದಿ ಅಂದರೆ ಒಂದೇ ಸುದ್ದಿ. ಅಟ್ಟಕ್ಕೆ ಹಾಸಿಗೆ ಹಾಕಿಸಿದ್ದೀವಿ. ಅಟ್ಟದಲ್ಲಿ ಹಾಸಿಗೆ ಅಲ್ಲ ಅತ್ತೆ, ಅಟ್ಟಕ್ಕೇ ಹಾಸಿಗೆ. ಹೆಂಚಿನ ಬಿಸಿಲು ಕೆಳಕ್ಕೆ ಇಳಿಯದ ಹಾಗೆ. ಫೋನಿನಲ್ಲಿ ಇವರು "ಮನೆ ಸ್ವಲ್ಪ ರಿಪೇರಿ ನಡೀತಿದೆ" ಅಂದಿದ್ದರಲ್ಲ, ಆ "ಸ್ವಲ್ಪ"ದ ಪೂರ್ತಿ ಕಥೆ ನಿಮಗೆ ತಿಳಿಯಬೇಕು.

ಹೋದ ಮೇ ತಿಂಗಳಲ್ಲಿ ನೀವು ಮೇಲಿನ ರೂಮಿನಲ್ಲಿ ನೀರಿಗೆ ಅಂತ ಎದ್ದವರು ಬಾಗಿಲ ಹತ್ತಿರವೇ ಕುಸಿದುಬಿದ್ದದ್ದು, ಡಾಕ್ಟರು ಬಂದು "ಬಿಸಿಲ ಹೊಡೆತ" ಅಂದದ್ದು, ಮಾರನೆಯ ದಿನ ನಿಮ್ಮ ಮಗಳು ಕಾರು ತಂದು ನಿಮ್ಮನ್ನು ಕರೆದುಕೊಂಡು ಹೋದದ್ದು ನಿಮಗೆ ಗೊತ್ತಿರುವುದೇ. ಗೇಟಿನ ಹತ್ತಿರ ಅವಳು ಇವರಿಗೆ ಹೇಳಿದ ಮಾತು ನೀವು ಕಾರೊಳಗಿದ್ದಿರಿ, ಕೇಳಿಸಿತೋ ಇಲ್ಲವೋ. "ಅಣ್ಣ, ಅದು ರೂಮಲ್ಲ, ಬೇಕರಿ ಒಲೆ. ಅಮ್ಮನ್ನ ಅದರೊಳಗೆ ಮೂರು ತಿಂಗಳು ಇಟ್ಟಿದ್ದೀಯ." ಇವರು ಗೇಟಿನ ಚಿಲಕವನ್ನು ಮೂರು ಸಲ ಹಾಕಿ ತೆಗೆದು ಮಾಡಿದರು.

ಅದರ ಮುಂದಿನ ಭಾನುವಾರ ಊಟ ಮಾಡಿ ಕಣ್ಮರೆಯಾದರು. ಹುಡುಕಿದೆ, ಎಲ್ಲೂ ಇಲ್ಲ. ಮೂರು ಗಂಟೆಗೆ ಮೆಟ್ಟಿಲು ಇಳಿದು ಬಂದರು ನೋಡಿ, ಅಂಗಿ ಹಿಂಡಿದರೆ ಬಕೆಟ್ಟು ತುಂಬಬೇಕು, ಮುಖ ಬೇಯಿಸಿದ ಗೆಣಸು. ಹನ್ನೆರಡರಿಂದ ಮೂರರವರೆಗೆ ಮೇಲಿನ ರೂಮಿನ ಬಾಗಿಲು ಹಾಕಿಕೊಂಡು ನಿಮ್ಮ ಮಂಚದ ಮೇಲೆ ಮಲಗಿದ್ದರಂತೆ. "ನಲವತ್ತಮೂರು ಡಿಗ್ರಿ ಕಣೆ," ಅಂದರು. ಪಕ್ಕದ ಮನೆ ಮೇಷ್ಟ್ರ ಹತ್ತಿರ ಉಷ್ಣಮಾಪಕ ಇಸಕೊಂಡು ಹೋಗಿದ್ದರು. ಆಮೇಲೆ ಒಂದು ಚೊಂಬು ನೀರು ಕುಡಿದು, "ಮನೆ ರಿಪೇರಿ ಮಾಡಿಸೋಣ. ಮೊದಲು ಛಾವಣಿ," ಅಂದರು. ಅಡುಗೆಮನೆಯ ಸಿಂಕು ಸೋರುತ್ತಿದೆ ಅಂತ ನಾನು ಹನ್ನೆರಡು ವರ್ಷದಿಂದ, ಅಂದರೆ ಈ ಮನೆ ಕೊಂಡ ದಿನದಿಂದ, ಹೇಳುತ್ತಿದ್ದೀನಿ. ಅದು ಎರಡನೆಯದಂತೆ.

ಡಿಪೋದಲ್ಲಿ ಬಸ್ಸಿನ ವೇಳಾಪಟ್ಟಿ ಬರೆಯುವವರು ಮನೆಯ ಕೆಲಸಕ್ಕೆ ಕೈ ಹಾಕಿದರೆ ಏನಾಗುತ್ತದೆ? ವೇಳಾಪಟ್ಟಿ ಆಗುತ್ತದೆ. ದೊಡ್ಡ ಹಾಳೆಯಲ್ಲಿ ಗೆರೆ ಎಳೆದು, "ಅಟ್ಟ ಖಾಲಿ ಮಾಡುವುದು: ೮.೦೦ರಿಂದ ೧೦.೪೫. ಚಹಾ: ೧೦.೪೫. ಒಡೆದ ಹೆಂಚು ಬದಲಾವಣೆ: ೧೧.೦೦" ಅಂತ ಫ್ರಿಜ್ಜಿನ ಮೇಲೆ ಅಂಟಿಸಿದರು. ಅವರ ಬಸ್ಸುಗಳ ಹಾಗೇ ಆಯಿತು. ಚಹಾ ಒಂದು ಬಿಟ್ಟು ಯಾವುದೂ ಹೇಳಿದ ಹೊತ್ತಿಗೆ ಬರಲಿಲ್ಲ.

ಛಾವಣಿ ಕೆಲಸಕ್ಕೆ ಒಬ್ಬ ಮೇಸ್ತ್ರಿ ಸಿಕ್ಕಿದ. ಒಳ್ಳೆಯ ಕೆಲಸಗಾರ, ಕೈ ತುಂಬ ಶುದ್ಧ, ಬಾಯಿ ಮಾತ್ರ ಒಂದು ತರಹ. ಏನು ಕೇಳಿದರೂ "ಆಯ್ತು ಅಂದ್ಕೊಳ್ಳಿ" ಅನ್ನುತ್ತಾನೆ. "ಮೇಸ್ತ್ರಿ, ಸೋಮವಾರ ಬರ್ತೀಯಾ?" "ಬಂದೆ ಅಂದ್ಕೊಳ್ಳಿ." ಅಂದುಕೊಂಡೆವು. ಗುರುವಾರ ಬಂದ. ನಾನು ಅವನಿಗೆ ಅಂದ್ಕೊಳ್ಳಿ ಮೇಸ್ತ್ರಿ ಅಂತಲೇ ಹೆಸರಿಟ್ಟಿದ್ದೀನಿ, ಎದುರಿಗೆ ಕರೆಯುವುದಿಲ್ಲ.

ನಿಮ್ಮ ರೂಮಿನ ಹಲಗೆಯ ಮುಚ್ಚಿಗೆಗೂ ಹೆಂಚಿಗೂ ನಡುವೆ ಇರುವ ಅಟ್ಟವನ್ನು ನೀವು ನೋಡಿಲ್ಲ. ನಾವೂ ಸರಿಯಾಗಿ ನೋಡಿರಲಿಲ್ಲ. ಕುಕ್ಕರಗಾಲಲ್ಲಿ ಕೂತು ಕಪ್ಪೆಯ ಹಾಗೆ ಸಾಗಬೇಕು. ಅಲ್ಲಿಂದ ಇಳಿಸಿದ್ದು ಏಳು ಕೊಡೆ, ಒಂದಕ್ಕೂ ಬಟ್ಟೆಯಿಲ್ಲ. ಹಿಂದಿನ ಮಾಲೀಕರು ಬಿಟ್ಟುಹೋದ ಒಂದು ಇಡೀ ಬಚ್ಚಲ ಬಾಗಿಲು. ನಾನು "ಕಳ್ಳತನವಾಗಿದೆ" ಅಂತ ಎದುರು ಮನೆಯವರ ಮೇಲೆ ಆರು ವರ್ಷ ಅನುಮಾನಪಟ್ಟ ನನ್ನ ಇಸ್ತ್ರಿ ಪೆಟ್ಟಿಗೆ. ಎದುರು ಮನೆಯಾಕೆಯನ್ನು ಈಗ ಕಂಡಾಗಲೆಲ್ಲ ನಾನೇ ಮೊದಲು ನಗುತ್ತೀನಿ. ಅವರಿಗೆ ಯಾಕೆ ಅಂತ ಗೊತ್ತಿಲ್ಲ, ಹೆದರುತ್ತಾರೆ.

ಮೂಲೆಯಲ್ಲಿ ಒಂದು ಪಾರಿವಾಳ ಮೊಟ್ಟೆಯ ಮೇಲೆ ಕೂತಿತ್ತು. ಇಷ್ಟೆಲ್ಲ ಗಲಾಟೆಗೂ ಅಲುಗಲಿಲ್ಲ. ಮೇಸ್ತ್ರಿ, "ಮರಿ ಆಗಿ ಹಾರಿಹೋಯ್ತು ಅಂದ್ಕೊಳ್ಳಿ ಸಾರ್, ಗೂಡು ತೆಗೀತೀನಿ," ಅಂದ. ನಿಮ್ಮ ಮಗ ಅವತ್ತು ಮೊದಲ ಸಲ ಅಂದುಕೊಳ್ಳಲಿಲ್ಲ. ಕೆಲಸ ಒಂದೂವರೆ ತಿಂಗಳು ನಿಂತಿತು. ಫ್ರಿಜ್ಜಿನ ಮೇಲೆ ಹೊಸ ಪಟ್ಟಿ: "ಪಾರಿವಾಳ: ಅನಿರ್ದಿಷ್ಟ." ಬೆಳಗ್ಗೆ ಡಿಪೋಗೆ ಹೋಗುವ ಮುಂಚೆ ಏಣಿ ಹತ್ತಿ ಕಾಳು, ನೀರು. ನನ್ನ ಬಾಣಂತನದಲ್ಲಿ ಈ ಮನುಷ್ಯ ಒಂದು ಲೋಟ ಬಿಸಿನೀರು ಕೇಳಿದರೆ ಪಾತ್ರೆ ಎಲ್ಲಿದೆ ಅಂತ ಕೇಳುತ್ತಿದ್ದರು. ಮರಿಗಳು ಹಾರಿದ ದಿನ ಮಾತ್ರ ಮೇಸ್ತ್ರಿ ಹೇಳದೆಯೇ ಬಂದುಬಿಟ್ಟ.

ಇನ್ನು ಹಾಸಿಗೆಯ ವಿಚಾರ. ಅದು ಗಾಜನ್ನು ನೂಲಿನ ಹಾಗೆ ಎಳೆದು ಮಾಡಿದ ಉಣ್ಣೆ. ಹಳದಿ ಬಣ್ಣ, ನೋಡುವುದಕ್ಕೆ ಮೆತ್ತಗೆ, ಸುರುಳಿ ಸುರುಳಿಯಾಗಿ ಬರುತ್ತದೆ. ಹನ್ನೊಂದು ಸುರುಳಿ ತಂದು ಹಜಾರದಲ್ಲಿ ಇಳಿಸಿದರು. ಕೂರುವುದಕ್ಕೆ ಜಾಗವಿಲ್ಲ. ಆವತ್ತೇ ಮೇಷ್ಟ್ರ ಹೆಂಡತಿ ಬರಬೇಕೇ! "ಅಯ್ಯೋ, ಎಷ್ಟು ಚೆನ್ನಾಗಿದೆ ದಿಂಬು," ಅಂತ ಬಾಯಿ ಬಿಚ್ಚಿದ್ದ ಸುರುಳಿಯ ಮೇಲೆ ಹಾಯಾಗಿ ಕೂತರು. ಬೇಡ ಬೇಡ ಅನ್ನುವಷ್ಟರಲ್ಲಿ ಮುಗಿದುಹೋಗಿತ್ತು. ಎರಡು ದಿನ ಆಕೆ ನಿಂತೇ ಊಟ ಮಾಡಿದರು. ತುರಿಕೆಗೆ ಮುಲಾಮು ಹಿಡಿದುಕೊಂಡು ನಾನು ಹೋದರೆ, ಕಿಟಕಿಯಿಂದಲೇ, "ಒಳಗೆ ಬನ್ನಿ, ಕೂತ್ಕೊಳ್ಳಿ ಅಂತ ಮಾತ್ರ ಹೇಳಲ್ಲ," ಅಂದರು.

ಮೇಷ್ಟ್ರಿಗೆ ಇದು ಸುವರ್ಣಾವಕಾಶ. ಮೂವತ್ತೈದು ವರ್ಷ ಭೌತಶಾಸ್ತ್ರ ಪಾಠ ಮಾಡಿದವರು, ನಿವೃತ್ತಿಯಾದ ಮೇಲೆ ಕೇಳುವವರಿಲ್ಲದೆ ಒಣಗಿದ್ದರು. ದಿನಾ ನಮ್ಮ ಏಣಿಯ ಬುಡದಲ್ಲಿ ಕುರ್ಚಿ. ಶಾಖ ಮೂರು ದಾರಿಯಲ್ಲಿ ಬರುತ್ತದಂತೆ. ಇವರು ಶಾಖ ಅಂದರೆ ಯಾರೋ ಕಳ್ಳ ಅನ್ನುವ ಹಾಗೆ ಮೂರೂ ದಾರಿ ಬರೆದುಕೊಂಡರು. ಹೆಂಚಿನ ಕೆಳಗೆ ಹೊಡೆಯುವ ಬೆಳ್ಳಿ ಹಾಳೆಯ ಮಿಂಚುವ ಮುಖ ಮೇಲಕ್ಕೋ ಕೆಳಕ್ಕೋ ಅಂತ ಮೇಷ್ಟ್ರಿಗೂ ಮೇಸ್ತ್ರಿಗೂ ಒಂದು ಇಡೀ ಮಧ್ಯಾಹ್ನ ಜಗಳ. ಜೊತೆಗೆ ಬಂದ ಚೀಟಿಯಲ್ಲಿ "ಚಿತ್ರ ನೋಡಿ" ಅಂತ ಬರೆದಿತ್ತು. ಚಿತ್ರ ಇರಲಿಲ್ಲ. ಕೊನೆಗೆ ಎರಡೂ ಮುಖ ಮಿಂಚುವ ಹಾಳೆ ತರಿಸಿ ಇಬ್ಬರ ಮಾನವನ್ನೂ ಉಳಿಸಿದ್ದು ನಾನು.

ಇವರು ನನ್ನ ಅಂಗಡಿಯಿಂದ ಧೂಳು ತಡೆಯುವ ಮುಚ್ಚು ಕನ್ನಡಕ, ತಲೆಗೆ ನನ್ನ ಸ್ಕಾರ್ಫು, ಮೈಗೆ ಮಳೆ ಕೋಟು, ಕೈಗವಸು ಎಲ್ಲ ಹಾಕಿಕೊಂಡು ತಾವೂ ಮೇಲೆ ಹತ್ತಿದರು. ಮೇಸ್ತ್ರಿ ಬೇಡ ಅಂದರೂ ಕೇಳಲಿಲ್ಲ. ಮೊದಲ ದಿನವೇ ಸೂರಿನ ಅಂಚಿನ ಗಾಳಿ ಕಿಂಡಿಗಳಿಗೆಲ್ಲ ಉಣ್ಣೆ ತುರುಕಿ ಮುಚ್ಚಿ ಬಂದು, "ಒಂದು ಇರುವೆಯೂ ನುಗ್ಗಲ್ಲ," ಅಂತ ಎದೆ ಉಬ್ಬಿಸಿದರು. ಮೇಸ್ತ್ರಿ ಹಣೆ ಚಚ್ಚಿಕೊಂಡ. "ಸಾರ್, ಗಾಳಿ ಆಡದಿದ್ರೆ ತೇವ ನಿಂತು ತೊಲೆ ಕೊಳೀತದೆ. ಹಾಸಿಗೆ ಮುಚ್ಚಿಗೆ ಮೇಲೆ, ಗಾಳಿ ಹೆಂಚಿನ ಕೆಳಗೆ." ಎಲ್ಲ ಬಿಚ್ಚಬೇಕಾಯಿತು. "ತೊಲೆ ಮೇಲೆ ಮಾತ್ರ ಕಾಲಿಡಿ ಸಾರ್, ಹಲಗೆ ಮೇಲೆ ಇಡಬೇಡಿ," ಅಂತಲೂ ಅವನು ಹೇಳಿದ್ದ. ಸ್ಪಷ್ಟವಾಗಿ ಹೇಳಿದ್ದ. ಅಂದ್ಕೊಳ್ಳಿ ಅಂತ ಕೂಡ ಸೇರಿಸಿರಲಿಲ್ಲ.

ಆ ದಿನ ನಾನು ನಿಮ್ಮ ರೂಮಿನಲ್ಲಿ ಕಸ ಗುಡಿಸುತ್ತಿದ್ದೆ. ಪಟಾರ್ ಅಂತ ಸದ್ದು. ತಲೆ ಎತ್ತಿದರೆ, ಸರಿಯಾಗಿ ನಿಮ್ಮ ಮಂಚದ ಮೇಲುಗಡೆ ಮುಚ್ಚಿಗೆಯಿಂದ ಒಂದು ಕಾಲು ಇಳಿದಿದೆ. ತೊಡೆಯವರೆಗೆ. ಒಂದು ಚಪ್ಪಲಿ ಮಂಚದ ಮೇಲೆ ಬಿತ್ತು. ಕಾಲು ಎರಡು ಸಲ ಗಾಳಿಯಲ್ಲಿ ಸೈಕಲ್ಲು ತುಳಿದು ನಿಂತಿತು.

"ಯಾರದು?" ಅಂದೆ. ಗಾಬರಿಗೆ ಬಾಯಿಗೆ ಬಂದದ್ದು ಅದು.

"ಇನ್ಯಾರದು ಇರುತ್ತೆ!" ಅಂತ ಮೇಲಿಂದ ಕೂಗಿದರು.

"ಪೆಟ್ಟಾಯ್ತಾ?"

"ಮಾನಕ್ಕೆ."

ಮೇಸ್ತ್ರಿಯ ಧ್ವನಿ ಬಂತು: "ಎಳೀಬೇಡಿ ಸಾರ್, ಹಲಗೆ ಚೂಪಾಗಿ ಮುರಿದಿದೆ, ಮಾಂಸ ಕಿತ್ತು ಬರ್ತದೆ. ಗರಗಸ ತಂದು ಬಿಡಿಸ್ತೀನಿ. ಹತ್ತು ನಿಮಿಷದಲ್ಲಿ ಬಂದೆ ಅಂದ್ಕೊಳ್ಳಿ." ಅಯ್ಯೋ ಅತ್ತೆ, ಆ ಕೊನೆಯ ಮಾತು ಕೇಳಿದ ತಕ್ಷಣ ಕಾಲಿನ ಬೆರಳುಗಳೆಲ್ಲ ಮುದುಡಿಕೊಂಡವು. ಗರಗಸ ಬಂದದ್ದು ಮುಕ್ಕಾಲು ಗಂಟೆಗೆ. ಅಷ್ಟರಲ್ಲಿ ಮೇಷ್ಟ್ರು ಬಂದು ಕಾಲನ್ನು ಸುತ್ತಲೂ ನೋಡಿ, ಕಾಲಿಗೇ ಹೇಳಿದರು: "ತುರಿಸ್ಕೋಬೇಡಿ, ಗಾಜಿನ ಎಳೆ ಇನ್ನೂ ಒಳಗೆ ಹೋಗುತ್ತೆ." ಮೇಲಿಂದ ಉತ್ತರ: "ಕೈಗೆ ಸಿಕ್ಕಿದರೆ ತಾನೇ ಮೇಷ್ಟ್ರೇ!"

ಮೇಷ್ಟ್ರು ಮುಲಾಮು ತರುವುದಕ್ಕೆ ಹೋದ ಮೇಲೆ ನಾವಿಬ್ಬರೇ. ನಾನು ಮಂಚದ ಮೇಲೆ ಸ್ಟೂಲು, ಸ್ಟೂಲಿನ ಮೇಲೆ ದಿಂಬು ಇಟ್ಟು ಆ ಪಾದಕ್ಕೆ ಊರಿಕೊಳ್ಳಲು ಆಸರೆ ಮಾಡಿದೆ. ಜಾರದ ಹಾಗೆ ಹಿಮ್ಮಡಿ ಹಿಡಿದುಕೊಂಡು ನಿಂತೆ. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅವರ ಮುಖ ಕಾಣದೆ, ಕಾಲು ಹಿಡಿದುಕೊಂಡು ಮಾತಾಡಿದ್ದು ಅದೇ ಮೊದಲು. ಮುಖ ಕಾಣದಿದ್ದುದಕ್ಕೇ ಇರಬೇಕು, ಅವರು ಬಾಯಿ ಬಿಟ್ಟರು.

"ಕೇಳಿಸ್ತಿದೆಯಾ?"

"ಹ್ಞೂಂ."

"ಅಮ್ಮ ನನಗೆ ಒಂದು ಮಾತು ಹೇಳಬಾರದಿತ್ತಾ? ಮೂರು ತಿಂಗಳು, ಒಂದು ದಿನ, ಒಂದು ಮಾತು. ನಾನೇನು ಹೊರಗಿನವನಾ? ಅಷ್ಟು ದೂರದವನಾಗಿಬಿಟ್ಟೆನಾ ಅವಳಿಗೆ?"

ನಾನು ಹಿಮ್ಮಡಿಯ ಮೇಲೆ ಅಂಟಿದ್ದ ಹಳದಿ ಎಳೆಗಳನ್ನು ಒದ್ದೆ ಬಟ್ಟೆಯಲ್ಲಿ ಒಂದೊಂದಾಗಿ ಒತ್ತಿ ತೆಗೆದೆ. ಆಮೇಲೆ ಗರಗಸ ಬಂತು.

ಕಾಲಿಗೆ ನಾಲ್ಕು ಹೊಲಿಗೆ ಬಿತ್ತು, ಗಾಬರಿಯಾಗಬೇಡಿ, ಈಗ ವಾಸಿಯಾಗಿದೆ. ಮುಚ್ಚಿಗೆಯ ತೂತಿಗೆ ಮೇಸ್ತ್ರಿ ಹೊಸ ಹಲಗೆ ಕೂರಿಸಿದ್ದಾನೆ. ಬಣ್ಣ ಸ್ವಲ್ಪ ಬೇರೆ ಕಾಣುತ್ತದೆ. ಬಣ್ಣ ಹೊಡೆಸೋಣ ಅಂದರೆ ಇವರು ಬೇಡ ಅನ್ನುತ್ತಾರೆ, ಬಂದವರಿಗೆಲ್ಲ ತೋರಿಸುತ್ತಾರೆ.

ಹೋದ ಭಾನುವಾರ ಪರೀಕ್ಷೆ. ಇವರು ನಿಮ್ಮ ರೂಮಿನಲ್ಲಿ ಉಷ್ಣಮಾಪಕ ಇಟ್ಟು, ಮೂವತ್ತೊಂದು ಡಿಗ್ರಿ ನೋಡಿ ಕುಣಿದಾಡಿದರು. ಮೇಷ್ಟ್ರು ತಣ್ಣೀರು ಎರಚಿದರು: "ಮೇ ತಿಂಗಳನ್ನ ಮಾರ್ಚ್ ಜೊತೆ ಹೋಲಿಸೋ ಹಾಗಿಲ್ಲ. ಸೊನ್ನೆ ಅಂಕ." ಹಾಸಿಗೆ ಹಾಕದೆ ಬಿಟ್ಟಿರುವ ಪಕ್ಕದ ಸಾಮಾನು ಕೋಣೆಯಲ್ಲಿ ಇನ್ನೊಂದು ಇಟ್ಟರು. ಅಲ್ಲಿ ಮೂವತ್ತೊಂಬತ್ತು! ಒಂದೇ ಸೂರು, ನಡುವೆ ಒಂದು ಗೋಡೆ, ಎಂಟು ಡಿಗ್ರಿ. ಆದರೂ ಮನುಷ್ಯರ ಸಾಕ್ಷಿ ಬೇಕು ಅಂತ ಮೇಸ್ತ್ರಿಯೂ ಸೇರಿ ಮೂವರೂ ಹನ್ನೆರಡು ಗಂಟೆಗೆ ನಿಮ್ಮ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡರು. ಒಂದು ಗಂಟೆಗೆ ನಾನು ಇಣುಕಿದರೆ ಮೇಷ್ಟ್ರು ಮಂಚದ ಮೇಲೆ, ಇವರು ಚಾಪೆಯ ಮೇಲೆ, ಮೇಸ್ತ್ರಿ ಗೋಡೆಗೊರಗಿ, ಮೂರು ಶ್ರುತಿಯಲ್ಲಿ ಗೊರಕೆ. ಎಬ್ಬಿಸಿದರೆ ಮೇಸ್ತ್ರಿ ಕಣ್ಣು ಉಜ್ಜಿಕೊಂಡು, "ಮಲಗಿದ್ದೆ ಅಂದ್ಕೊಂಡ್ರಾ ಅಮ್ಮಾ?" ಅಂದ.

ಅತ್ತೆ, ರೂಮು ಈಗ ನಿಜವಾಗಲೂ ತಂಪಾಗಿದೆ. ಕಿಟಕಿ ದೊಡ್ಡದು ಮಾಡಿಸಿದ್ದೀವಿ, ಮಂಚದಲ್ಲಿ ಮಲಗಿದ್ದರೂ ಕೈಗೆ ಸಿಗುವ ಹಾಗೆ ಫ್ಯಾನಿನ ಸ್ವಿಚ್ಚು ಇದೆ, ಮೆಟ್ಟಿಲಿಗೆ ಹಿಡಿದುಕೊಳ್ಳುವ ಕಂಬಿ ಎರಡೂ ಕಡೆ. ಇವರು ನಿಮ್ಮನ್ನು ಬಾ ಅಂತ ಕರೆಯುವುದಕ್ಕೆ ಮೂರು ಸಲ ಫೋನು ತೆಗೆದರು. ಮೂರು ಸಲವೂ ಊಟ ಆಯ್ತಾ ಅಂತ ಕೇಳಿ ಇಟ್ಟರು. ಅದಕ್ಕೇ ನಾನು ಕರೆಯುತ್ತಿದ್ದೀನಿ. ಬಿಸಿಲು ಏರುವ ಮುಂಚೆ ಬನ್ನಿ, ಇಲ್ಲ ಏರಿದ ಮೇಲೇ ಬನ್ನಿ, ಪರೀಕ್ಷೆ ಮಾಡಿದ ಹಾಗೂ ಆಗುತ್ತದೆ.

ಮಕ್ಕಳಿಗೆ ನನ್ನ ಆಶೀರ್ವಾದ. ತಂತಿ ಹಾಕಿದ ಹಲ್ಲಿನವನಿಗೆ ಎರಡು ಪಾಲು. ನಿಮ್ಮ ಆಶೀರ್ವಾದ ನಮ್ಮ ಮೇಲೆ, ಆಮೇಲೆ ನಾಲ್ಕು ಹೊಲಿಗೆಯ ಆ ಕಾಲಿನ ಮೇಲೆ ಇರಲಿ.

ನಿಮ್ಮ ಸೊಸೆ

ಮರೆತು ಬಿಟ್ಟದ್ದಲ್ಲ, ಬಿಟ್ಟು ಬರೆದದ್ದು. ಮಂಗಳವಾರ, ಬೆಳಗ್ಗೆ.

ಅತ್ತೆ, ಈ ಪತ್ರ ಎರಡು ದಿನದಿಂದ ಮೇಜಿನ ಮೇಲಿದೆ. ಲಕೋಟೆ ಅಂಟಿಸಲು ಕೈ ಬರಲಿಲ್ಲ.

ನೀವು ಹೇಳಿದ್ದಿರಿ. ನಾನು ಬಟ್ಟೆ ಒಣಹಾಕುವಾಗ ಬಂದು, "ಮೇಲೆ ಕಾವು ಜಾಸ್ತಿ ಕಣಮ್ಮ, ಅವನಿಗೆ ಒಂದು ಮಾತು ಹೇಳು," ಅಂದಿರಿ. ಒಂದು ಸಲ ಅಲ್ಲ, ಮೂರು ಸಲ. ಮೂರು ಸಲವೂ ನಾನು "ಹೇಳ್ತೀನಿ ಅತ್ತೆ" ಅಂದೆ. ಹೇಳಲಿಲ್ಲ.

ಮರೆವಲ್ಲ. ಕೆಳಗಿನ ಮುಂದಿನ ರೂಮಿನಲ್ಲಿ ನಾನು ಆಗಷ್ಟೇ ಒಂದು ಮೇಜು, ಒಂದು ಕುರ್ಚಿ ಹಾಕಿಕೊಂಡಿದ್ದೆ. ಮದುವೆಯಾದಾಗಿನಿಂದ ಬಾಗಿಲು ಹಾಕಿಕೊಂಡು ನಾನೊಬ್ಬಳೇ ಕೂರುವ ಜಾಗ ಅದೊಂದೇ. ಇವರಿಗೆ ಹೇಳಿದ್ದರೆ ಅದೇ ಸಂಜೆ ಮೇಜು ಹೊರಗೆ ಹಾಕಿ ನಿಮ್ಮ ಮಂಚ ಒಳಗೆ ತರುತ್ತಿದ್ದರು. ನಾಳೆ ಹೇಳೋಣ, ಈ ವಾರ ಕಳೆಯಲಿ, ಅಂತ ಮುಂದೂಡಿದೆ. ನೀವು ಬಿದ್ದ ಮಧ್ಯಾಹ್ನ ನಾನು ಅಲ್ಲೇ ಫ್ಯಾನು ಹಾಕಿಕೊಂಡು ಕೂತಿದ್ದೆ.

ಡಾಕ್ಟರ ಮುಂದೆ, ಮಗಳ ಮುಂದೆ ನೀವು, "ನಾನೇ ಯಾರಿಗೂ ಹೇಳಲಿಲ್ಲ, ನನ್ನದೇ ತಪ್ಪು," ಅಂದಿರಿ. ನನ್ನ ಕಡೆ ನೋಡದೆ ಅಂದಿರಿ. ಬೈದಿದ್ದರೆ ಇಷ್ಟು ಹೊತ್ತಿಗೆ ಮರೆತಿರುತ್ತಿದ್ದೆ.

ಭಾನುವಾರ ಸಂಜೆ ಇವರಿಗೆ ಎಲ್ಲ ಹೇಳಿದೆ. "ಹತ್ತು ತಿಂಗಳು ನಾನು ಅಮ್ಮನ ಮೇಲೆ ಸಿಟ್ಟು ಇಟ್ಕೊಂಡಿದ್ದೆನಲ್ಲೇ," ಅಂದರು. ನಿನ್ನೆ ಪೂರ್ತಿ ಮಾತಿಲ್ಲ. ಇವತ್ತು ಬೆಳಗ್ಗೆ ಚಹಾ ಲೋಟ ಇಟ್ಟು, "ಇದನ್ನೂ ಬರೆದೆಯಾ?" ಅಂತ ಕೇಳಿದರು. ಇಲ್ಲ ಅಂದೆ. "ಬರಿ. ನಾನೇ ಅಂಚೆಗೆ ಹಾಕಿ ಡಿಪೋಗೆ ಹೋಗ್ತೀನಿ," ಅಂದರು. ಬಾಗಿಲಲ್ಲಿ ಚಪ್ಪಲಿ ಹಾಕಿಕೊಂಡು ನಿಂತಿದ್ದಾರೆ, ಅಕ್ಷರ ಓಡಿದ್ದರೆ ಅದಕ್ಕೇ.

ಮುಂದಿನ ರೂಮನ್ನೂ ಖಾಲಿ ಮಾಡಿದ್ದೀನಿ. ಮೇಲಿನದೋ ಕೆಳಗಿನದೋ, ನಿಮಗೆ ಯಾವುದು ಬೇಕೋ ಅದು. ಆದರೆ ಈ ಸಲ ನನಗೆ ಹೇಳಬೇಡಿ ಅತ್ತೆ. ಅವರಿಗೇ ಹೇಳಿ.